ಇನ್‌ಸ್ಟಾಲ್ ಎನ್ನುವ ಮೊದಲು

ಪ್ರಶ್ನೆ: ನನ್ನ ಯಂತ್ರದಲ್ಲಿರುವುದು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 22.04. ಪ್ರಾಜೆಕ್ಟಿಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್‌ನ 18ನೇ ಆವೃತ್ತಿ ಬೇಕಿತ್ತು. ಟರ್ಮಿನಲ್‌ನಲ್ಲಿ, ತಂತ್ರಾಂಶ ತಂದು ಹಾಕುವ ಆಪ್ಟ್‌ಗೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ನೋಡ್‌ಜೆಎಸ್’ ಎಂದು ಕೊಟ್ಟೆ, ಕೆಲಸ ಸುಸೂತ್ರವಾಗಿ ಮುಗಿಯಿತು. ಆಮೇಲೆ ಅರ್ಧ ದಿನ ತಲೆಬುಡ ತಿಳಿಯದ ದೋಷಗಳ ಜೊತೆ ಗುದ್ದಾಡಿ, ಕೊನೆಗೆ ‘ನೋಡ್ -ವಿ’ ಎಂದು ಕೇಳಿದರೆ 12.22 ಎಂದಿತು! ಯಾವ ಆವೃತ್ತಿ ಬರಲಿದೆ ಎಂದು ಮೊದಲೇ ತಿಳಿಯಲು ಆಗುವುದಿಲ್ಲವೇ?

ಉತ್ತರ: ಆಗುತ್ತದೆ, ಅದೂ ಒಂದೇ ಸಾಲಿನಲ್ಲಿ. ಇನ್‌ಸ್ಟಾಲ್ ಆದ ಮೇಲೆ ಆವೃತ್ತಿ ಕೇಳುವುದು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮೊದಲು ‘ಆಪ್ಟ್ ಪಾಲಿಸಿ ನೋಡ್‌ಜೆಎಸ್’ ಎಂದು ಕೊಡಿ. ಇದಕ್ಕೆ ಸುಡೊ, ಅಂದರೆ ನಿರ್ವಾಹಕರ ಅಧಿಕಾರ ಬೇಡ, ಇದರಿಂದ ಯಂತ್ರದಲ್ಲಿ ಒಂದು ಕಡ್ಡಿಯೂ ಅಲುಗಾಡುವುದಿಲ್ಲ. ಉತ್ತರದಲ್ಲಿ ‘ಇನ್‌ಸ್ಟಾಲ್ಡ್’ ಎಂಬ ಸಾಲು ಈಗ ಇರುವುದನ್ನು ಹೇಳುತ್ತದೆ. ಅದರ ಕೆಳಗಿನ ‘ಕ್ಯಾಂಡಿಡೇಟ್’ ಎಂಬುದೇ ನಿಮಗೆ ಬೇಕಾದ ಸಾಲು: ನೀವು ‘ಹೂಂ’ ಎಂದ ಕೂಡಲೇ ಬಂದು ಕೂರುವುದು ಅದೇ. ನಿಮ್ಮ ಯಂತ್ರದಲ್ಲಿ ಅಲ್ಲಿ 12.22.9 ಎಂದೂ ಅದರ ಹಿಂದೆ ಒಂದು ಬಾಲವೂ ಕಾಣುತ್ತಿತ್ತು. ಬಾಲದಲ್ಲಿ ‘ಡಿಎಫ್‌ಎಸ್‌ಜಿ’ ಎಂಬ ಅಕ್ಷರಗಳಿದ್ದರೆ ಗಾಬರಿ ಬೇಡ. ಉಬುಂಟುವಿಗೆ ಬುನಾದಿಯಾದ ಡೆಬಿಯನ್‌ನ ಮುಕ್ತ ತಂತ್ರಾಂಶ ನಿಯಮಗಳಿಗೆ ಒಗ್ಗದ ಕಡತಗಳನ್ನು ಮೂಲದಿಂದ ತೆಗೆದಿದ್ದಾರೆ ಎಂದಷ್ಟೇ ಅದರ ಅರ್ಥ.

ಇಷ್ಟು ಹಳೆಯದು ಏಕೆ ಬಂತು ಎನ್ನುತ್ತೀರಾ? ಉಬುಂಟು ಬಿಡುಗಡೆಯಾಗುವಾಗ ಪ್ಯಾಕೇಜುಗಳ (ಆಪ್ಟ್ ತಂದು ಹಾಕುವ ತಂತ್ರಾಂಶದ ಕಟ್ಟುಗಳ) ಆವೃತ್ತಿಗಳು ಬಹುತೇಕ ಅಲ್ಲಿಗೇ ನಿಂತುಬಿಡುತ್ತವೆ. 22.04 ಹೊರಬಂದದ್ದು 2022ರ ಏಪ್ರಿಲ್‌ನಲ್ಲಿ. ನೋಡ್ 12ಕ್ಕೆ ಅದರ ತಯಾರಕರು ಬೆಂಬಲ ನಿಲ್ಲಿಸಿದ್ದೂ ಅದೇ ತಿಂಗಳಲ್ಲಿ. ಹುಟ್ಟುವಾಗಲೇ ಮುದಿಯಾಗಿದ್ದ ಪ್ಯಾಕೇಜು ನಿಮ್ಮ ಪಾಲಿಗೆ ಬಂತು. ನೋಡ್‌ನಂಥ, ಆವೃತ್ತಿ ಆಗಾಗ ಬದಲಿಸಬೇಕಾಗುವ ಸಾಧನಗಳಿಗೆ ನಾನು ಆಪ್ಟ್ ಬಳಸುವುದನ್ನೇ ಬಿಟ್ಟಿದ್ದೇನೆ. ನೋಡ್‌ನ ಆವೃತ್ತಿಗಳನ್ನು ನಿಭಾಯಿಸುವ ಎನ್‌ವಿಎಂ ಹಾಕಿಕೊಂಡರೆ 18 ಒಂದು ಕಡೆ, 20 ಇನ್ನೊಂದು ಕಡೆ ಜಗಳವಿಲ್ಲದೆ ಇರುತ್ತವೆ.

ಒಂದು ಹಳ್ಳ ಮಾತ್ರ ನೆನಪಿರಲಿ. ನಾನೇ ಬಿದ್ದದ್ದು. ‘ಪಾಲಿಸಿ’ ಅಂತರ್ಜಾಲಕ್ಕೆ ಹೋಗಿ ವಿಚಾರಿಸಿ ಬರುವುದಿಲ್ಲ, ನಿಮ್ಮ ಡಿಸ್ಕಿನಲ್ಲಿರುವ ಪಟ್ಟಿಯನ್ನು ಓದಿ ಹೇಳುತ್ತದೆ. ಹೊಸ ರೆಪಾಸಿಟರಿ (ಪ್ಯಾಕೇಜುಗಳ ಭಂಡಾರ) ಸೇರಿಸಿದ್ದ ಸಹೋದ್ಯೋಗಿಗೆ ‘ಅದರಲ್ಲಿ ಹೊಸ ಆವೃತ್ತಿ ಇಲ್ಲವೇ ಇಲ್ಲ, ನೋಡಿ’ ಎಂದು ಪರದೆ ತೋರಿಸಿ ವಾದ ಮಾಡಿದ್ದೆ. ಅವರು ಮಾತಾಡದೆ ನನ್ನ ಕೀಲಿಮಣೆ ಎಳೆದುಕೊಂಡು ‘ಸುಡೊ ಆಪ್ಟ್ ಅಪ್‌ಡೇಟ್’ ಒತ್ತಿದರು. ಕ್ಯಾಂಡಿಡೇಟ್ ಬದಲಾಯಿತು, ನನ್ನ ಮುಖದ ಬಣ್ಣವೂ ಬದಲಾಯಿತು. ಅಪ್‌ಡೇಟ್ ಎಂದರೆ ತಂತ್ರಾಂಶವನ್ನು ಮೇಲೇರಿಸುವುದಲ್ಲ, ಪಟ್ಟಿಯನ್ನು ತಾಜಾ ಮಾಡುವುದು. ಮೇಲೇರಿಸುವುದು ‘ಅಪ್‌ಗ್ರೇಡ್’. ಈ ಎರಡು ಹೆಸರುಗಳನ್ನು ಇಷ್ಟು ಹತ್ತಿರ ಹತ್ತಿರ ಇಟ್ಟವರ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಇನ್ನೂ ಅನುಮಾನವಿದ್ದರೆ ‘ಆಪ್ಟ್ ಇನ್‌ಸ್ಟಾಲ್ -ಎಸ್’ ಎಂದು ಕೊಟ್ಟು ಪ್ಯಾಕೇಜಿನ ಹೆಸರು ಬರೆಯಿರಿ. ಅದು ಬರೀ ನಾಟಕದ ತಾಲೀಮು, ಏನನ್ನೂ ಹಾಕುವುದಿಲ್ಲ. ಅದರಲ್ಲಿ ‘ಇನ್ಸ್ಟ್’ ಎಂದು ಶುರುವಾಗುವ ಸಾಲುಗಳಲ್ಲಿರುವುದು ಯಂತ್ರಕ್ಕೆ ಬರುವ ಪ್ಯಾಕೇಜುಗಳು, ‘ರೆಮ್ವ್’ ಎಂದು ಶುರುವಾಗುವುದರಲ್ಲಿ ಯಂತ್ರದಿಂದ ಹೋಗುವವು. ಚಿಕ್ಕದೊಂದು ಸಾಧನ ಹಾಕಲು ಹೊರಟಾಗ ‘ರೆಮ್ವ್’ ಸಾಲುಗಳು ಉದ್ದುದ್ದ ಬಂದರೆ ಕೈ ಕಟ್ಟಿ ಕುಳಿತು ಒಂದೊಂದನ್ನೇ ಓದಿ.

ಪ್ರಶ್ನೆ: ಅದೇ ಉಬುಂಟುವಿನಲ್ಲಿ ಗೂಢಲಿಪೀಕರಣಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್ ಈಗಲೂ 3.0.2 ಎಂದೇ ತೋರಿಸುತ್ತದೆ. ಅಪಾಯವಲ್ಲವೇ?

ಉತ್ತರ: ಮೊದಲಿಗೆ ಕಾಣುವ ಅಂಕಿ ನೋಡಿ ತೀರ್ಮಾನಿಸಬೇಡಿ. ಭದ್ರತಾ ತೇಪೆಗಳನ್ನು ಹಳೆಯ ಆವೃತ್ತಿಗೇ ಹಚ್ಚುವುದು ಇಲ್ಲಿನ ಪದ್ಧತಿ. 3.0.2 ಹಾಗೇ ಉಳಿಯುತ್ತದೆ, ‘0ಉಬುಂಟು1’ ಎಂಬ ಬಾಲದ ನಂತರದ ಅಂಕಿ ಏರುತ್ತಾ ಹೋಗುತ್ತದೆ. ಅಪ್‌ಡೇಟ್ ಮಾಡಿದ ನಂತರ ‘ಇನ್‌ಸ್ಟಾಲ್ಡ್’ ಮತ್ತು ‘ಕ್ಯಾಂಡಿಡೇಟ್’ ಎರಡೂ ಬಾಲದ ತುದಿಯವರೆಗೆ ಒಂದೇ ಇದ್ದರೆ, ನಿಮ್ಮ ರೆಪಾಸಿಟರಿಗಳು ಕೊಡುವ ತೇಪೆಗಳೆಲ್ಲ ನಿಮ್ಮಲ್ಲಿವೆ.

ಪ್ರಶ್ನೆ: 1.9 ಮತ್ತು 1.10, ಯಾವುದು ಹೊಸದು? ‘2.0~ಆರ್‌ಸಿ1’ ಎಂದರೆ 2.0ಗಿಂತ ಮುಂದಿನದೇ?

ಉತ್ತರ: 1.10 ಹೊಸದು. ಇದು ದಶಮಾಂಶವಲ್ಲ, ಚುಕ್ಕೆಯ ಎರಡೂ ಬದಿಗೆ ಬೇರೆ ಬೇರೆ ಸಂಖ್ಯೆಗಳಿವೆ. ಹತ್ತು ಒಂಬತ್ತಕ್ಕಿಂತ ದೊಡ್ಡದು. ಇನ್ನು ಆ ಅಲೆಯ ಗುರುತು (~) ಡೆಬಿಯನ್ ಲೆಕ್ಕದಲ್ಲಿ ‘ಇನ್ನೂ ಆಗಿಲ್ಲ’ ಎಂಬ ಸೂಚನೆ. ‘2.0~ಆರ್‌ಸಿ1’ 2.0ಕ್ಕಿಂತ ಹಿಂದಿನದು.

ಪ್ರಶ್ನೆ: ಲಿನಕ್ಸ್‌ನ ಇನ್ನೊಂದು ಬಗೆಯಾದ ಫೆಡೋರಾ ಬಳಸುವವರು ಏನು ಮಾಡಬೇಕು?

ಉತ್ತರ: ಅಲ್ಲಿ ಆಪ್ಟ್ ಬದಲು ಡಿಎನ್‌ಎಫ್. ‘ಡಿಎನ್‌ಎಫ್ ಲಿಸ್ಟ್’ ಜೊತೆ ‘--ಶೋಡೂಪ್ಲಿಕೇಟ್ಸ್’ ಕೊಟ್ಟು ಪ್ಯಾಕೇಜಿನ ಹೆಸರು ಬರೆಯಿರಿ. ಸಿಗುವ ಆವೃತ್ತಿಗಳೆಲ್ಲ ಸಾಲಾಗಿ ಬರುತ್ತವೆ.