ಕಾಫಿ ರೇಟಿನ ವೆಬ್‌ಸೈಟ್‌ಗೆ ಹೊಸದೇನು ಸೇರಿಸಬೇಕು ಅಂತ ಚಿಕ್ಕಮಗಳೂರಿನ ಬೆಳೆಗಾರರನ್ನೇ ಕೇಳಿ ತೀರ್ಮಾನಿಸಬಹುದಾ?

ಕೇಳಬಹುದು, ಕೇಳಲೇಬೇಕು. ಆದರೆ ‘ನಿಮಗೆ ಏನು ಬೇಕು?’ ಅಂತ ಕೇಳಬೇಡಿ. ಹಾಗೆ ಕೇಳಿದರೆ ಮೂಡಿಗೆರೆಯಿಂದ ಕೊಪ್ಪದವರೆಗೆ ಎಲ್ಲರೂ ‘ಒಂದು ಆ್ಯಪ್ ಮಾಡಿ’ ಅನ್ನುತ್ತಾರೆ. ‘ಕೊನೇ ಸಲ ನೋಡಿದಾಗ ಏನು ಸಿಗಲಿಲ್ಲ?’ ಅಂತ ಕೇಳಿ ನೋಡಿ, ನಿಜವಾದ ತೊಂದರೆ ಹೊರಗೆ ಬರುತ್ತದೆ. ತೋಟದಲ್ಲಿ ಸಿಗ್ನಲ್ ಇರುವುದು ಒಂದೇ ಮೂಲೆಯಲ್ಲಿ. ಅಲ್ಲಿ ನಿಂತು ಪುಟ ತೆರೆದರೆ ಮೊದಲು ದೊಡ್ಡದೊಂದು ಫೋಟೊ. ರೊಬಸ್ಟಾ ಚೆರ್ರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ರೊಬಸ್ಟಾ ಜಾತಿಯ ಕಾಫಿ ಹಣ್ಣಿನ, 50 ಕೆಜಿ ಮೂಟೆಯ ರೇಟು ಬರುವಷ್ಟರಲ್ಲಿ ನೆಟ್ ಹೋಗಿರುತ್ತದೆ. ಇದಕ್ಕೆ ಆ್ಯಪ್ ಯಾಕೆ? ಫೋಟೊ ತೆಗೆದು ರೇಟನ್ನು ಮೇಲಕ್ಕೆ ತಂದರೆ ಆಯ್ತು, ಅಲ್ವಾ?

ಬರೀ ವೋಟು ಎಣಿಸುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಬೆಳೆಗಾರರ ಗ್ರೂಪಿನಲ್ಲಿ ಜಾಸ್ತಿ ಮಾತಾಡುವವರು ನಾಲ್ಕೇ ಜನ, ಸುಮ್ನೆ ನೋಡಿ ಹೋಗುವವರೇ ಹೆಚ್ಚು. ಅವರು ಯಾವ ಪುಟ ತೆರೆಯುತ್ತಾರೆ, ಎಲ್ಲಿ ಬಿಟ್ಟು ಹೋಗುತ್ತಾರೆ ಅನ್ನುವುದು ಸರ್ವರ್ ಲೆಕ್ಕದಲ್ಲಿ ಸಿಗುತ್ತದೆ. ಜನ ಹೇಳಿದ್ದನ್ನೂ ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ‘ಹಳೇ ರೇಟಿನ ಗ್ರಾಫ್ ಬೇಕೇ ಬೇಕು’ ಅಂತ ಹಟ ಹಿಡಿದವರೇ ಆಮೇಲೆ ಅದನ್ನು ತೆರೆಯದೇ ಇರಬಹುದು.

ಯಾವಾಗ ಕೇಳುತ್ತೀರಿ ಅನ್ನುವುದೂ ಮುಖ್ಯ. ಡಿಸೆಂಬರ್, ಜನವರಿಯಲ್ಲಿ ಹಣ್ಣು ಕೊಯ್ಲು, ಕಣದಲ್ಲಿ ಒಣಗಿಸುವ ಗಡಿಬಿಡಿ. ಆಗ ನಿಮ್ಮ ಫಾರ್ಮ್ ತುಂಬುವವರು ಯಾರು? ಮಳೆಗಾಲದಲ್ಲಿ ಕೇಳಿ.

ಹೊಸದನ್ನು ಮೊದಲು ಕೆಲವರಿಗೆ ಮಾತ್ರ ತೋರಿಸಿ. ‘ಇದು ಮಾಡುವುದಿಲ್ಲ’ ಅಂತಾದರೆ ಕಾರಣ ಬರೆದು ಹಾಕಿ. ಕೇಳಿಸಿಕೊಂಡು ಸುಮ್ಮನಾದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.