ಬೆಕ್ಕಿನ ಹೊಟ್ಟೆ ಕಟ್ಟಿದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬೆಕ್ಕಿನ ಮಲಬದ್ಧತೆಯ ಪ್ರಶ್ನೆಗಳೇ ಜಾಸ್ತಿ. ಹಾಗಾಗಿ ಇಡೀ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಬೆಕ್ಕಿಗೆ ಐದು ವರ್ಷ, ಹೆಣ್ಣು, ಆಪರೇಷನ್ ಆಗಿದೆ. ಫ್ಲ್ಯಾಟ್ ಬಿಟ್ಟು ಹೊರಗೆ ಹೋಗಲ್ಲ. ಡ್ರೈ ಫುಡ್ ಬಿಟ್ಟು ಬೇರೇನೂ ಮೂಸಲ್ಲ. ಈಗೀಗ ಎರಡು ದಿನಕ್ಕೊಮ್ಮೆ ಕಕ್ಕ ಮಾಡ್ತಾಳೆ, ಅದೂ ಗಟ್ಟಿ. ಮರಳಿನ ಟ್ರೇಯಲ್ಲಿ ಕೂತು ತಿಣುಕಿ ತಿಣುಕಿ ಎದ್ದು ಬರ್ತಾಳೆ. ಊಟ, ಆಟ ಎಲ್ಲ ಸರಿಯಿದೆ. ಮನೆಯಲ್ಲೇ ಏನು ಮಾಡಬಹುದು?
(ಬೆಂಗಳೂರಿನ ಓದುಗರು)

ಉತ್ತರ: ತಿನ್ನುತ್ತಿದ್ದಾಳೆ, ಆಡುತ್ತಿದ್ದಾಳೆ ಅಂದರೆ ಗಾಬರಿ ಬೇಡ. ಆದರೆ ಸುಮ್ನೆ ಬಿಟ್ಟುಬಿಡುವ ವಿಷಯವೂ ಅಲ್ಲ. ಆರೋಗ್ಯವಾಗಿರುವ ಬೆಕ್ಕು ಸಾಮಾನ್ಯವಾಗಿ ದಿನಕ್ಕೊಮ್ಮೆ ಕಕ್ಕ ಮಾಡುತ್ತದೆ. ಟ್ರೇ ಬಳಿಯುವಾಗ ಒಂದು ಕ್ಷಣ ನೋಡಿ. ಕಕ್ಕಕ್ಕೆ ಮರಳು ಅಂಟಿಕೊಂಡಿದ್ದರೆ ಅದರಲ್ಲಿ ತೇವ ಇದೆ, ಚಿಂತೆಯಿಲ್ಲ. ಆಡಿನ ಹಿಕ್ಕೆ ಥರ ಬಿಡಿಬಿಡಿಯಾಗಿ, ಮರಳೂ ಅಂಟದಷ್ಟು ಒಣಗಿದ್ದರೆ ಅವಳ ಮೈಯಲ್ಲಿ ನೀರು ಸಾಲುತ್ತಿಲ್ಲ ಅಂತ ಮೊದಲು ಅನುಮಾನಿಸಿ.

ದೊಡ್ಡ ಕರುಳಿನ ಒಂದು ಮುಖ್ಯ ಕೆಲಸವೇ ಕಕ್ಕದಲ್ಲಿರುವ ನೀರನ್ನು ಮೈಗೆ ಹೀರಿಕೊಳ್ಳುವುದು. ಕಕ್ಕ ಒಳಗೇ ನಿಂತಷ್ಟೂ ಹೊತ್ತು ಅದು ಹೀರುತ್ತಲೇ ಇರುತ್ತದೆ. ಕಕ್ಕ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದು ಬರುವಾಗ ನೋಯುತ್ತದೆ, ನೋವಿಗೆ ಹೆದರಿ ಬೆಕ್ಕು ತಡೆದುಕೊಳ್ಳುತ್ತದೆ, ತಡೆದುಕೊಂಡದ್ದಕ್ಕೆ ಇನ್ನೂ ಗಟ್ಟಿಯಾಗುತ್ತದೆ. ಇದನ್ನು ಬೇಗ ತಡೆಯಬೇಕು, ಯಾಕಂದ್ರೆ ತಿಂಗಳುಗಟ್ಟಲೆ ಹೀಗೇ ನಡೆದರೆ ಕೆಲವು ಬೆಕ್ಕುಗಳಲ್ಲಿ ಕರುಳು ಹಿಗ್ಗಿ ಹಿಗ್ಗಿ ಕೊನೆಗೆ ತಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಮೆಗಾಕೋಲನ್ ಅನ್ನುವುದು ಇದಕ್ಕೇ. ಅಲ್ಲಿಗೆ ಹೋದ ಮೇಲೆ ಮನೆಮದ್ದಿನಿಂದ ಆಗುವುದು ಬಹಳ ಕಡಿಮೆ.

ನಮ್ಮ ಮನೆಬೆಕ್ಕುಗಳ ಮೂಲ ಉತ್ತರ ಆಫ್ರಿಕಾ, ಪಶ್ಚಿಮ ಏಷ್ಯಾ ಕಡೆಯ ಒಣ ನಾಡಿನ ಕಾಡುಬೆಕ್ಕು. ಅವಕ್ಕೆ ಬೇಕಾದ ನೀರಿನ ಬಹುಪಾಲು ಬೇಟೆಯಿಂದಲೇ ಸಿಗುತ್ತಿತ್ತು. ಒಂದು ಇಲಿಯ ಮೈಯಲ್ಲಿ ನೂರಕ್ಕೆ ಸುಮಾರು 70 ಭಾಗ ನೀರೇ. ಹಾಗಾಗಿ ಬೆಕ್ಕಿಗೆ ಬಾಯಾರಿಕೆ ಕಡಿಮೆ. ಡ್ರೈ ಫುಡ್‌ನಲ್ಲಿ ನೂರಕ್ಕೆ 10 ಭಾಗದಷ್ಟು ಮಾತ್ರ ನೀರು. ನಾಲ್ಕು ಕಿಲೋ ತೂಕದ ಬೆಕ್ಕಿಗೆ ಊಟ, ನೀರು ಎಲ್ಲ ಸೇರಿ ದಿನಕ್ಕೆ ಹತ್ತಿರ ಹತ್ತಿರ 200 ಮಿಲಿ ಬೇಕು. ಬಟ್ಟಲಲ್ಲಿ ನೀರಿಟ್ಟ ಮಾತ್ರಕ್ಕೆ ಅಷ್ಟನ್ನೂ ಕುಡಿದುಬಿಡುತ್ತದೆ ಅಂತ ನಂಬಬೇಡಿ. ನೀರನ್ನು ಊಟದ ಒಳಗೇ ಸೇರಿಸಿ ಕೊಡಬೇಕು.

85 ಗ್ರಾಂ ವೆಟ್ ಫುಡ್ ಪೌಚ್‌ನಲ್ಲಿ 65 ಮಿಲಿಗೂ ಮೇಲೆ ನೀರಿರುತ್ತದೆ. ಅದರ ಮೇಲೆ ಇನ್ನೆರಡು ಚಮಚ ಬೆಚ್ಚಗಿನ ನೀರು ಹಾಕಿ ಕಲಸಿ. ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಬೆಕ್ಕಿಗೆ ವಾಸನೆ ಬಂದರೇನೇ ಊಟ. ನಿಮ್ಮವಳು ಡ್ರೈ ಬಿಟ್ಟು ಬೇರೇನೂ ಮೂಸಲ್ಲ ಅಂದಿದ್ದೀರಿ. ಅದಕ್ಕೇ ಒಮ್ಮೆಲೇ ಬದಲಿಸಬೇಡಿ. ಮೊದಲು ಒಂದು ಚಮಚ ವೆಟ್ ಫುಡ್ ಪಕ್ಕದಲ್ಲಿಡಿ, ಆಮೇಲೆ ಕಲಸಿ, ಹೀಗೆ ವಾರ ಹತ್ತು ದಿನ ತೆಗೆದುಕೊಳ್ಳಿ. ಹಸಿವಾದರೆ ತಾನೇ ತಿನ್ನುತ್ತೆ ಬಿಡು ಅಂತ ಉಪವಾಸ ಹಾಕುವುದು ಮಾತ್ರ ಬೇಡವೇ ಬೇಡ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಬರಬಹುದು.

ಪೌಚ್ ದುಬಾರಿ ಅನಿಸಿದರೆ ಕೋಳಿ ಬೇಯಿಸಿದ ನೀರು ಮಾಡಿಡಿ. ಚರ್ಮ ತೆಗೆದ ಮಾಂಸವನ್ನು ಬರೀ ನೀರಲ್ಲಿ ಬೇಯಿಸಿ, ಮೂಳೆ ಒಂದೂ ಉಳಿಯದ ಹಾಗೆ ಆರಿಸಿ ತೆಗೆದು, ತಿಳಿಯನ್ನು ಐಸ್ ಟ್ರೇಗೆ ಹುಯ್ದು ಫ್ರೀಜರ್‌ನಲ್ಲಿಡಿ. ಹೊತ್ತೊತ್ತಿಗೆ ಒಂದೊಂದು ಗಡ್ಡೆ ಕರಗಿಸಿ ಊಟಕ್ಕೆ ಹಾಕಬಹುದು. ಉಪ್ಪು, ಮಸಾಲೆ ಬೇಡ. ಈರುಳ್ಳಿ, ಬೆಳ್ಳುಳ್ಳಿ ಸೋಕಲೂಬಾರದು, ಅವು ಬೆಕ್ಕಿನ ರಕ್ತಕಣಗಳನ್ನೇ ಒಡೆದುಹಾಕುತ್ತವೆ. ಮನೆಗೆ ಮಾಡಿದ ಸಾರಿನಿಂದ ಒಂದು ಸೌಟು ತೆಗೆದು ಕೊಡುವ ಹಾಗಿಲ್ಲ.

ಕುಡಿಯುವ ನೀರನ್ನು ಊಟದ ತಟ್ಟೆ, ಟ್ರೇ ಎರಡರಿಂದಲೂ ದೂರ, ಮನೆಯ ಎರಡು ಮೂರು ಕಡೆ, ಅಗಲ ಬಾಯಿಯ ಪಾತ್ರೆಯಲ್ಲಿಡಿ. ಬಚ್ಚಲಿನ ಬಕೆಟ್ಟಲ್ಲಿ ಕುಡಿಯುವುದು, ನಲ್ಲಿ ಬಿಟ್ಟಾಗ ಓಡಿ ಬರುವುದು ನೋಡಿರುತ್ತೀರಿ, ಅಲ್ವಾ? ಅವಳಿಗೆ ಯಾವುದು ಇಷ್ಟ ಅಂತ ಗಮನಿಸಿ ಅದನ್ನೇ ಒದಗಿಸಿ. ಟ್ರೇ ದಿನಾ ಬಳಿಯಿರಿ. ಗಲೀಜು ಟ್ರೇಗೆ ಹೋಗಲು ಇಷ್ಟವಿಲ್ಲದೆ ತಡೆದುಕೊಳ್ಳುವ ಬೆಕ್ಕುಗಳೂ ಇವೆ. ಬೆಳಗ್ಗೆ, ಸಂಜೆ ಹತ್ತು ನಿಮಿಷ ಓಡಾಡಿಸಿ ಆಡಿಸಿ, ಮೈ ಬಾಚಿ. ನೆಕ್ಕಿ ನುಂಗಿದ ಕೂದಲೂ ಕಕ್ಕವನ್ನು ಗಟ್ಟಿ ಮಾಡುತ್ತದೆ.

ಪ್ರಶ್ನೆ: ನಮ್ಮ ಗಂಡು ಬೆಕ್ಕು ಬೆಳಗ್ಗೆಯಿಂದ ಹತ್ತಾರು ಸಲ ಟ್ರೇಗೆ ಹೋಗಿ ತಿಣುಕುತ್ತಿದೆ, ಕೂಗುತ್ತಿದೆ. ಏನೂ ಬರ್ತಿಲ್ಲ. ಕುಂಬಳಕಾಯಿ ಕೊಟ್ಟು ನಾಳೆವರೆಗೆ ನೋಡಬಹುದಾ?
(ಮೈಸೂರಿನ ಓದುಗರು)

ಉತ್ತರ: ಬೇಡ. ನಾಳೆವರೆಗೆ ಕಾಯಲೇಬೇಡಿ. ನಿಮಗೆ ಫೋನ್‌ನಲ್ಲೇ ತಿಳಿಸಿದ್ದೇವೆ, ಉಳಿದವರಿಗೂ ಗೊತ್ತಿರಲಿ ಅಂತ ಇಲ್ಲಿ ಹಾಕುತ್ತಿದ್ದೇವೆ.

ಇದು ಮಲ ಕಟ್ಟಿದ್ದಲ್ಲ, ಮೂತ್ರ ಕಟ್ಟಿದ್ದಿರಬಹುದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು. ಹರಳೋ, ಲೋಳೆಯೋ ಸಿಕ್ಕಿಕೊಂಡರೆ ಪೂರ್ತಿ ಮುಚ್ಚಿಹೋಗುತ್ತದೆ. ಮೂತ್ರ ಹೊರಗೆ ಹೋಗದೆ ರಕ್ತದಲ್ಲಿ ಪೊಟ್ಯಾಶಿಯಂ ಏರಿ ಹೃದಯವೇ ನಿಲ್ಲಬಹುದು. ಎರಡು ಮೂರು ದಿನದೊಳಗೆ, ಕೆಲವೊಮ್ಮೆ ಅದಕ್ಕೂ ಮೊದಲೇ, ಜೀವ ಹೋಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ದೊಡ್ಡ ಅಪಾಯ. ಬೆಕ್ಕು ತಿಣುಕುವುದು ಕಂಡ ಕೂಡಲೇ ಮಾಡಬೇಕಾದ ಕೆಲಸ ಒಂದೇ: ಟ್ರೇಯಲ್ಲಿ ಒದ್ದೆ ಮರಳಿನ ಗಡ್ಡೆಗಳಿವೆಯಾ ನೋಡಿ. ಇಲ್ಲದಿದ್ದರೆ, ಅಥವಾ ಬಟಾಣಿಯಷ್ಟೇ ಸಣ್ಣ ಸಣ್ಣ ಗಡ್ಡೆಗಳಿದ್ದರೆ, ರಾತ್ರಿಯಾದರೂ ಸರಿ ಡಾಕ್ಟರ ಹತ್ತಿರ ಓಡಿ. ಅನುಮಾನ ಬಂದರೂ ಸಾಕು, ಓಡಿ.

ಪ್ರಶ್ನೆ: ನಮ್ಮಲ್ಲಿ ಮಕ್ಕಳಿಗೆ ಹೊಟ್ಟೆ ಕಟ್ಟಿದರೆ ವೀಳ್ಯದೆಲೆ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಇಡುತ್ತಿದ್ದರು. ಬೆಕ್ಕಿಗೂ ಮಾಡಬಹುದಾ? ಹಾಲು ಕೊಟ್ಟರೆ ಸಡಿಲ ಆಗುತ್ತೆ ಅಂತಾರೆ, ನಿಜವಾ? ಅದು ದಿನಾ ಹಾಲು ಅನ್ನ, ಮೀನಿನ ತಲೆ ತಿನ್ನುತ್ತದೆ.
(ಕುಂದಾಪುರದ ಓದುಗರು)

ಉತ್ತರ: ತೊಟ್ಟು, ಸೋಪಿನ ಚೂರು ಯಾವುದೂ ಬೇಡ. ಬೆಕ್ಕಿನ ಗುದದ ಚರ್ಮ ತೀರಾ ನಾಜೂಕು, ಗಾಯವಾದರೆ ನೋವಿಗೆ ಇನ್ನಷ್ಟು ತಡೆದುಕೊಳ್ಳುತ್ತದೆ. ಹರಳೆಣ್ಣೆಯಾಗಲಿ, ಬೇರೆ ಎಣ್ಣೆಯಾಗಲಿ ಬಾಯಿಗೆ ಹಿಡಿದು ಹುಯ್ಯಬೇಡಿ. ಬೆಕ್ಕು ಒದ್ದಾಡುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಮೆಡಿಕಲ್ ಶಾಪ್‌ನಲ್ಲಿ ಮನುಷ್ಯರಿಗೆ ಅಂತ ಸಿಗುವ ಫಾಸ್ಫೇಟ್ ಎನಿಮಾ ಇನ್ನೂ ಕೆಟ್ಟದ್ದು, ಅದು ಬೆಕ್ಕನ್ನು ಕೊಲ್ಲಬಲ್ಲದು. ಮಲ ಸಡಿಲಿಸುವ ಲ್ಯಾಕ್ಟುಲೋಸ್ ಸಿರಪ್ ಅನ್ನು ಡಾಕ್ಟರುಗಳು ಬೆಕ್ಕಿಗೂ ಬರೆಯುತ್ತಾರೆ ನಿಜ, ಆದರೆ ತೂಕ ನೋಡಿ, ನೀರಿನಂಶ ನೋಡಿ ಬರೆಯುತ್ತಾರೆ. ಮನೆಯಲ್ಲಿ ಬಾಟಲಿ ಇದೆ ಅಂತ ಕೊಡಬೇಡಿ.

ಹಾಲು ಹೆಚ್ಚಿನ ದೊಡ್ಡ ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ. ಬೇಧಿ ಆದರೆ ಸಡಿಲವಾಯ್ತು ಅನಿಸಬಹುದು, ಆದರೆ ಬೇಧಿಯಲ್ಲಿ ಹೋಗುವುದು ಮೈಯ ನೀರೇ. ಇನ್ನೊಂದು ವಿಷಯ ಗಮನದಲ್ಲಿರಲಿ. ಗಟ್ಟಿ ಮಲ ಒಳಗೆ ಕಟ್ಟಿಕೊಂಡಿರುವಾಗ ಅದರ ಪಕ್ಕದಿಂದ ಸ್ವಲ್ಪ ನೀರು ನೀರಾಗಿ ಸೋರುವುದುಂಟು. ಅದನ್ನು ಬೇಧಿ ಅಂದುಕೊಂಡು ಬೇಧಿ ನಿಲ್ಲಿಸುವ ಔಷಧಿ ಹಾಕಿಬಿಟ್ಟರೆ ತೊಂದರೆ ದುಪ್ಪಟ್ಟು.

ನಿಮ್ಮ ಬೆಕ್ಕಿನ ವಿಷಯದಲ್ಲಿ ಮೀನಿನ ತಲೆಯ ಮೇಲೇ ಅನುಮಾನ. ಬೇಯಿಸಿದ ಬಂಗುಡೆ ತಲೆ, ಮುಳ್ಳು ದಿನಾ ತಿಂದರೆ ಆ ಮೂಳೆಪುಡಿ ಕಕ್ಕವನ್ನು ಗಾರೆಯಷ್ಟು ಗಟ್ಟಿ ಮಾಡುತ್ತದೆ, ಚೂರು ಕರುಳಿಗೆ ಚುಚ್ಚಲೂಬಹುದು. ಮುಳ್ಳು ಬಿಡಿಸಿದ ಮೀನು, ಬೇಯಿಸಿದ ನೀರಿನ ಜೊತೆ ಕೊಡಿ. ಹಾಲು ಅನ್ನದಲ್ಲಿ ಬೆಕ್ಕಿಗೆ ಬೇಕಾದ ಮಾಂಸದ ಸತ್ವವಿಲ್ಲ, ಅನ್ನ ತೀರಾ ಕಡಿಮೆ ಮಾಡಿ.

ಪ್ರಶ್ನೆ: ಸಿಹಿಗುಂಬಳ, ಇಸಬ್‌ಗೋಲು ಎಷ್ಟು ಕೊಡಬೇಕು?
(ಹುಬ್ಬಳ್ಳಿಯ ಓದುಗರು)

ಉತ್ತರ: ಬರೀ ನೀರಲ್ಲಿ ಬೇಯಿಸಿ ಮಸೆದ ಸಿಹಿಗುಂಬಳ ಒಂದು ಟೀ ಚಮಚ, ದಿನಕ್ಕೊಮ್ಮೆ, ಊಟದಲ್ಲಿ ಕಲಸಿ. ಇಸಬ್‌ಗೋಲಾದರೆ ಕಾಲು ಟೀ ಚಮಚದಿಂದ ಶುರು ಮಾಡಿ. ನೀರಲ್ಲಿ ನೆನೆಸಿ ಲೋಳೆಯಾದ ಮೇಲೆ ವೆಟ್ ಫುಡ್‌ಗೆ ಸೇರಿಸಿ, ಒಣಪುಡಿ ಉದುರಿಸಬೇಡಿ. ನಾರು ಕೆಲಸ ಮಾಡುವುದು ನೀರಿದ್ದಾಗ ಮಾತ್ರ. ಮೈಯಲ್ಲಿ ನೀರಿಲ್ಲದ ಬೆಕ್ಕಿಗೆ, ಕರುಳು ಹಿಗ್ಗಿಹೋದ ಬೆಕ್ಕಿಗೆ ನಾರು ಕೊಟ್ಟರೆ ಒಳಗಿನ ಗಂಟು ಇನ್ನೂ ದೊಡ್ಡದಾಗುತ್ತದೆ ಅಷ್ಟೆ. ಎರಡು ಮೂರು ದಿನದಲ್ಲಿ ಫಲ ಕಾಣದಿದ್ದರೆ ನಿಲ್ಲಿಸಿ.

ಪ್ರಶ್ನೆ: ಬೆಕ್ಕಿನ ಹಿಂಭಾಗದಿಂದ ಹೂವಿನ ದಾರ ನೇತಾಡ್ತಿದೆ. ಎಳೆದು ತೆಗೆಯಲಾ?
(ದಾವಣಗೆರೆಯ ಓದುಗರು)

ಉತ್ತರ: ಎಳೆಯಬೇಡಿ. ಇನ್ನೊಂದು ತುದಿ ಹೊಟ್ಟೆಯಲ್ಲೋ ನಾಲಿಗೆ ಬುಡದಲ್ಲೋ ಸಿಕ್ಕಿಕೊಂಡಿದ್ದರೆ ಎಳೆದಾಗ ದಾರ ಕರುಳನ್ನು ಕೊಯ್ಯುತ್ತದೆ. ಹಾಗೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ದೇವರಿಗೆ ಮುಡಿಸಿದ ಹೂ ಬಾಡಿದ ಕೂಡಲೇ ದಾರ ಸಮೇತ ಮುಚ್ಚಳವಿರುವ ಡಬ್ಬಿಗೆ ಹಾಕಿ.

ಪ್ರಶ್ನೆ: ನಮ್ಮ ಬೆಕ್ಕಿಗೆ 14 ವರ್ಷ. ಮೊದಲು ಎಂದೂ ಇಲ್ಲದ ಮಲಬದ್ಧತೆ ಈಗ ಪದೇ ಪದೇ ಬರ್ತಿದೆ. ವಯಸ್ಸಾಯ್ತು ಅಂತ ಸುಮ್ಮನಿರಬೇಕಾ?
(ಶಿವಮೊಗ್ಗದ ಓದುಗರು)

ಉತ್ತರ: ಸುಮ್ಮನಿರಬೇಡಿ. ಮುದಿ ಬೆಕ್ಕುಗಳಲ್ಲಿ ಇದರ ಹಿಂದೆ ಹೆಚ್ಚಾಗಿ ಕಿಡ್ನಿ ತೊಂದರೆ ಇರುತ್ತದೆ. ಕಿಡ್ನಿ ನೀರನ್ನು ಹಿಡಿದಿಡಲಾರದೆ ಮೂತ್ರದಲ್ಲಿ ಬಿಟ್ಟುಬಿಡುತ್ತದೆ, ಆ ಕೊರತೆಯನ್ನು ಕರುಳು ಕಕ್ಕದಿಂದ ತುಂಬಿಕೊಳ್ಳುತ್ತದೆ. ಬೆಕ್ಕು ಮೊದಲಿಗಿಂತ ಜಾಸ್ತಿ ನೀರು ಕುಡಿಯುತ್ತಿದ್ದರೆ, ಮೂತ್ರದ ಗಡ್ಡೆಗಳು ದೊಡ್ಡದಾಗಿದ್ದರೆ, ಸಣಕಲಾಗುತ್ತಿದ್ದರೆ ರಕ್ತಪರೀಕ್ಷೆ ಮಾಡಿಸಿ. ಕೆಲವು ಬೆಕ್ಕುಗಳಿಗೆ ಚರ್ಮದಡಿ ಸಲೈನ್ ಕೊಡುವುದನ್ನು ಡಾಕ್ಟರು ಮನೆಯವರಿಗೇ ಹೇಳಿಕೊಡುತ್ತಾರೆ, ಅದರಿಂದ ಬೆಕ್ಕಿಗೆ ಬಹಳ ಹಾಯೆನಿಸುತ್ತದೆ. ನಿಮ್ಮೂರಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲೂ ವಿಚಾರಿಸಬಹುದು. ಬೆಂಗಳೂರಿನವರಿಗೆ ಹೆಬ್ಬಾಳದ ಕಾಲೇಜಿದೆ.

ಕೀಲುನೋವೂ ಒಂದು ಕಾರಣ. ಕುಕ್ಕರಗಾಲಲ್ಲಿ ಕೂರಲು ಆಗದೆ ಅರ್ಧಕ್ಕೇ ಎದ್ದು ಬರುತ್ತವೆ. ಟ್ರೇಯ ಒಂದು ಬದಿಯ ಅಂಚನ್ನು ತಗ್ಗಾಗಿ ಕತ್ತರಿಸಿ, ಅದು ಮಲಗುವ ಜಾಗದ ಹತ್ತಿರವೇ ಇಡಿ. ಹಿಂದೆ ಗಾಡಿಗೆ ಸಿಕ್ಕಿ ಸೊಂಟದ ಮೂಳೆ ಮುರಿದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ, ಮೂಳೆ ಓರೆಯಾಗಿ ಕೂಡಿಕೊಂಡು ಕಕ್ಕ ಹೋಗುವ ದಾರಿ ಕಿರಿದಾಗಿರಬಹುದು. ಎರಡು ದಿನ ಪೂರ್ತಿ ಕಕ್ಕ ಆಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ವಾಂತಿ ಮಾಡಿದರೆ, ಊಟ ಬಿಟ್ಟರೆ, ಮಂಕಾಗಿ ಮೂಲೆ ಸೇರಿದರೆ ಎರಡು ದಿನ ಎಣಿಸುತ್ತಾ ಕೂರದೆ ಅವತ್ತೇ ಹೊರಡಿ.