ಸೈಟು ಮಾರಲು ರೈಲ್ವೆ ಕೊಂಡ ಅಣ್ಣ ತಮ್ಮ

ಪ್ರಶ್ನೆ: ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಶೇಕರ್ ಹೈಟ್ಸ್ ಎಂಬಲ್ಲಿಂದ ಪೇಟೆಗೆ ಟ್ರಾಮಿನಂಥ ಪುಟ್ಟ ರೈಲಿನಲ್ಲಿ ಓಡಾಡುತ್ತಿದ್ದೆವು. ಆ ಹಳಿಗೆ ಜಾಗ ಸಿಗಲೆಂದೇ ಅಣ್ಣ ತಮ್ಮ ಇಬ್ಬರು ಒಂದು ರೈಲ್ವೆ ಕಂಪನಿಯನ್ನೇ ಕೊಂಡರೆಂದು ಅಲ್ಲಿ ಕೇಳಿದೆ. ನಿಜವೇ?
– ಓದುಗರು, ತುಮಕೂರು

ಉತ್ತರ: ನಿಜ. ಆ ಸೋದರರು ಓರಿಸ್ ಮತ್ತು ಮ್ಯಾಂಟಿಸ್ ವ್ಯಾನ್ ಸ್ವೆರಿಂಗೆನ್. ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಗೊಬ್ಬರದ ಕಂಪನಿಯೊಂದರ ಕಚೇರಿಯಲ್ಲಿ ಹುಡುಗರಾಗಿ ದುಡಿದು, ಆಮೇಲೆ ನಿವೇಶನದ ವ್ಯಾಪಾರಕ್ಕೆ ಇಳಿದವರು. ಮೊದಲ ಪ್ರಯತ್ನ ಕೈಕೊಟ್ಟಿತು. ನಂತರ ಅವರ ಕಣ್ಣು ನಗರದ ಪೂರ್ವಕ್ಕೆ ಎತ್ತರದಲ್ಲಿ ಪಾಳುಬಿದ್ದಿದ್ದ ಸುಮಾರು 1,400 ಎಕರೆ ಭೂಮಿಯ ಮೇಲೆ ಬಿತ್ತು. ಅದು ಶೇಕರ್ ಎಂಬ ಕ್ರೈಸ್ತ ಪಂಥದವರದಾಗಿತ್ತು; 1822ರಲ್ಲಿ ಅಲ್ಲಿ ನೆಲೆಸಿದ ಆ ಪಂಥದವರು ಬ್ರಹ್ಮಚರ್ಯವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದುದರಿಂದ ಮುಂದಿನ ಪೀಳಿಗೆಯಿಲ್ಲದೆ ಕ್ರಮೇಣ ಕರಗಿ, 1889ರಲ್ಲಿ ಉಳಿದವರೂ ಜಾಗ ಖಾಲಿ ಮಾಡಿದ್ದರು. ಸೋದರರ ಕೈಯಲ್ಲಿ ಇಡೀ ಭೂಮಿಗೆ ಕೊಡುವಷ್ಟು ಹಣ ಎಲ್ಲಿತ್ತು? ಮೊದಲು ಸ್ವಲ್ಪ ಜಾಗಕ್ಕೆ ಮಾತ್ರ ಕರಾರು ಮಾಡಿಕೊಂಡು, ಅದು ಮಾರಾಟವಾದರೆ ಅದರ ಎರಡರಷ್ಟು ಜಾಗವನ್ನು ಕೊಳ್ಳುವ ಹಕ್ಕು ತಮಗೆ ಸಿಗಬೇಕೆಂದು ಆಗಿನ ಮಾಲೀಕರನ್ನು ಒಪ್ಪಿಸಿದರು.

ಸೈಟೇನೋ ಚೆನ್ನಾಗಿತ್ತು, ಆದರೆ ಕೊಂಡವರು ಕಚೇರಿಗೆ ಹೋಗಿ ಬರುವುದು ಹೇಗೆ? ಬೀದಿಯ ಟ್ರಾಮು ನಿಂತು ನಿಂತು ಸಾಗುತ್ತಿತ್ತು. ಪೇಟೆಯ ನಡುವಿನ ಪಬ್ಲಿಕ್ ಸ್ಕ್ವೇರಿಗೆ ನೇರವಾಗಿ ಇಳಿಯುವ ಪ್ರತ್ಯೇಕ ಹಳಿ ಬೇಕಿತ್ತು, ಅದಕ್ಕೆ ಒಪ್ಪುವ ದಾರಿಯ ಒಂದು ಭಾಗ ನಿಕಲ್ ಪ್ಲೇಟ್ ರೈಲ್ವೆಯ ಮಗ್ಗುಲಲ್ಲಿ ಹಾಯುತ್ತಿತ್ತು. ಬಫಲೋದಿಂದ ಷಿಕಾಗೋವರೆಗೆ 523 ಮೈಲಿ ಓಡುತ್ತಿದ್ದ ಆ ರೈಲ್ವೆ ಆಗ ನ್ಯೂಯಾರ್ಕ್ ಸೆಂಟ್ರಲ್ ಕಂಪನಿಯ ಹಿಡಿತದಲ್ಲಿತ್ತು. ಏಕಸ್ವಾಮ್ಯ ತಡೆಯುವ ಕಾನೂನಿನ ಬಿಸಿ ತಟ್ಟುತ್ತಿದ್ದುದರಿಂದ ನ್ಯೂಯಾರ್ಕ್ ಸೆಂಟ್ರಲ್‌ಗೂ ಅದನ್ನು ಯಾರ ಕೈಗಾದರೂ ದಾಟಿಸಬೇಕಿತ್ತು, ಆದರೆ ಬಲವಾದ ಪ್ರತಿಸ್ಪರ್ಧಿಯ ಕೈಗಲ್ಲ. ರೈಲ್ವೆಯ ಗಂಧಗಾಳಿ ಇಲ್ಲದ ಇಬ್ಬರು ಸೈಟು ವ್ಯಾಪಾರಿಗಳಿಗಿಂತ ಅನುಕೂಲದ ಗಿರಾಕಿ ಯಾರು? 1916ರಲ್ಲಿ 85 ಲಕ್ಷ ಡಾಲರಿಗೆ ವ್ಯವಹಾರ ಕುದುರಿತು. ಮುಂಗಡವೆಂದು ಕೊಟ್ಟದ್ದು 20 ಲಕ್ಷ, ಅದಕ್ಕೂ ಊರಿನ ಬ್ಯಾಂಕಿನ ಸಾಲವೇ ಆಸರೆ. ಉಳಿದದ್ದಕ್ಕೆ ಹತ್ತು ವರ್ಷಗಳ ಕಂತು. ಒಂದು ಲೋಟ ಹಾಲಿಗಾಗಿ ಎಮ್ಮೆ ಕೊಂಡಂತಾಯಿತು, ಅದೂ ಕಡ ತಂದ ದುಡ್ಡಿನಲ್ಲಿ. ನೀವು ಓಡಾಡಿದ ಮಾರ್ಗ 1920ರ ಏಪ್ರಿಲ್ 11ರಂದು ಆರಂಭವಾಯಿತು. ಆ ವರ್ಷ ಸುಮಾರು 1,600 ಇದ್ದ ಶೇಕರ್ ಹೈಟ್ಸ್‌ನ ಜನಸಂಖ್ಯೆ ಹತ್ತೇ ವರ್ಷಗಳಲ್ಲಿ 17,000 ದಾಟಿತು.

ಪ್ರಶ್ನೆ: ಈ ಸೋದರರು ಅವಳಿ ಮಕ್ಕಳೇ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಲ್ಲ. ಓರಿಸ್ ಹುಟ್ಟಿದ್ದು 1879ರಲ್ಲಿ, ಮ್ಯಾಂಟಿಸ್ 1881ರಲ್ಲಿ. ಇಬ್ಬರೂ ಮದುವೆಯಾಗಲಿಲ್ಲ. ದೊಡ್ಡ ಬಂಗಲೆ ಕಟ್ಟಿಸಿಕೊಂಡ ಮೇಲೂ ಒಂದೇ ಕೋಣೆಯಲ್ಲಿ ಎರಡು ಮಂಚ ಹಾಕಿಸಿಕೊಂಡು ಮಲಗುತ್ತಿದ್ದರು. ಯೋಜನೆ ಹಾಕುವುದು ಅಣ್ಣನ ಕೆಲಸ, ಅದನ್ನು ಕೈಗೂಡಿಸುವುದು ತಮ್ಮನದು.

ಪ್ರಶ್ನೆ: ಇಷ್ಟೆಲ್ಲ ಸಾಲದಲ್ಲೇ ನಡೆದಿದ್ದರೆ ಸಾಲ ಕೊಟ್ಟವರು ಸುಮ್ಮನಿದ್ದದ್ದು ಹೇಗೆ? ಕೊನೆಗೆ ಏನಾಯಿತು?
– ನಿವೃತ್ತ ಬ್ಯಾಂಕ್ ನೌಕರರು, ಹಾಸನ

ಉತ್ತರ: ಬ್ಯಾಂಕಿನಲ್ಲಿ ಇದ್ದವರು ಕೇಳಬೇಕಾದ ಪ್ರಶ್ನೆಯೇ ಸರಿ. ಗುಟ್ಟು ಇರುವುದು ಹೋಲ್ಡಿಂಗ್ ಕಂಪನಿಯಲ್ಲಿ, ಅಂದರೆ ಬೇರೆ ಕಂಪನಿಗಳ ಷೇರು ಹಿಡಿದಿಟ್ಟುಕೊಳ್ಳಲೆಂದೇ ಇರುವ ಕಂಪನಿಯಲ್ಲಿ. ಒಂದು ರೈಲ್ವೆಯ ಬಂಡವಾಳ 100 ರೂಪಾಯಿ ಎಂದುಕೊಳ್ಳಿ. ಅದನ್ನು ಆಳಲು 51 ರೂಪಾಯಿಯ ಷೇರು ಸಾಕು. ಆ 51 ರೂಪಾಯಿಯ ಷೇರನ್ನು ಕೊಳ್ಳಲೆಂದೇ ಇನ್ನೊಂದು ಕಂಪನಿ ತೆರೆದರೆ, ಅದನ್ನು ಆಳಲು 26 ಸಾಕು. ಅದರ ಮೇಲೆ ಮತ್ತೊಂದು ತೆರೆದರೆ 14 ಸಾಕು. ಇದರ ಜೊತೆಗೆ ಲಾಭಾಂಶ ಮಾತ್ರ ಪಡೆಯುವ, ಮತದ ಹಕ್ಕಿಲ್ಲದ ಷೇರುಗಳನ್ನು ಹೊರಗಿನವರಿಗೆ ಮಾರಿ, ಮತವಿರುವ ಷೇರುಗಳನ್ನು ತಮ್ಮಲ್ಲೇ ಇಟ್ಟುಕೊಂಡರೆ ಕೈಯಿಂದ ಹಾಕುವ ಹಣ ಇನ್ನೂ ಕಡಿಮೆ. ಚೆಸಪೀಕ್ ಅಂಡ್ ಒಹಾಯೊ, ಈರಿ, ಪಿಯರ್ ಮಾರ್ಕೆಟ್, ಮಿಸೌರಿ ಪೆಸಿಫಿಕ್ ಮುಂತಾದ ರೈಲ್ವೆಗಳು ಒಂದರ ಹಿಂದೊಂದು ಈ ಜಾಲದೊಳಗೆ ಬಂದವು. 1929ರಲ್ಲಿ ಎಲ್ಲದರ ನೆತ್ತಿಯ ಮೇಲೆ ಅಲೆಗೆನಿ ಕಾರ್ಪೊರೇಷನ್ ಕುಳಿತಿತು. ಮಾರುಕಟ್ಟೆಯಲ್ಲಿ 35 ಡಾಲರಿನ ಆಸುಪಾಸಿಗೆ ಏರಲಿದ್ದ ಅದರ ಷೇರನ್ನು ಮಾರ್ಗನ್ ಬ್ಯಾಂಕು ತನಗೆ ಬೇಕಾದವರಿಗೆ 20 ಡಾಲರಿನಂತೆ ಹಂಚಿದ್ದು 1933ರ ಸೆನೆಟ್ ವಿಚಾರಣೆಯಲ್ಲಿ ಬಯಲಾಯಿತು.

ಈ ಲೆಕ್ಕ ಷೇರಿನ ಬೆಲೆ ಏರುತ್ತಿರುವಷ್ಟು ಕಾಲ ಮಾತ್ರ ಸರಿ. ಇಳಿಯತೊಡಗಿದರೆ ಅದೇ ಮೆಟ್ಟಿಲುಗಳಲ್ಲಿ ನಷ್ಟವೂ ದುಪ್ಪಟ್ಟಾಗುತ್ತ ಬರುತ್ತದೆ. 1929ರ ಷೇರುಪೇಟೆ ಕುಸಿತದ ಮರುವರ್ಷ ಮಾರ್ಗನ್ ನೇತೃತ್ವದ ಬ್ಯಾಂಕುಗಳಿಂದ 3 ಕೋಟಿ 95 ಲಕ್ಷ ಡಾಲರ್ ಸಾಲ ಎತ್ತಿದರು, ಅದನ್ನು ತೀರಿಸಲಾಗಲಿಲ್ಲ. ಅವರಿಗೆ ಧಾರಾಳವಾಗಿ ಸಾಲ ಕೊಟ್ಟಿದ್ದ ಕ್ಲೀವ್‌ಲ್ಯಾಂಡಿನ ಎರಡು ದೊಡ್ಡ ಬ್ಯಾಂಕುಗಳು 1933ರಲ್ಲಿ ಬಾಗಿಲು ಹಾಕಿದವು, ಠೇವಣಿ ಇಟ್ಟವರು ಬೀದಿಯಲ್ಲಿ ನಿಂತರು. ಸೋದರರ ಕಥೆಯನ್ನು ಸಾಹಸವೆಂದು ಹೇಳುವವರು ಈ ಠೇವಣಿದಾರರನ್ನು ಮರೆತುಬಿಡುತ್ತಾರೆ. 1935ರ ಸೆಪ್ಟೆಂಬರ್ 30ರಂದು ನ್ಯೂಯಾರ್ಕಿನಲ್ಲಿ ನಡೆದ ಹರಾಜಿನಲ್ಲಿ, ಹಣ್ಣು ತರಕಾರಿ ಕೆಡದಂತೆ ತುಂಬಿಡುವ ಗಾಜಿನ ಜಾಡಿ ತಯಾರಿಸುತ್ತಿದ್ದ ಜಾರ್ಜ್ ಬಾಲ್ ಎಂಬ ಉದ್ಯಮಿ ಮತ್ತೊಬ್ಬರ ಜೊತೆ ಸೇರಿ ಸುಮಾರು 31 ಲಕ್ಷ ಡಾಲರಿಗೆ ಇಡೀ ಸಾಮ್ರಾಜ್ಯದ ಹಿಡಿತವನ್ನು ಕೊಂಡರು. ಅದೇ ಡಿಸೆಂಬರಿನಲ್ಲಿ ಮ್ಯಾಂಟಿಸ್ ತೀರಿಕೊಂಡರು. ವರ್ಷ ತುಂಬುವುದರೊಳಗೆ, ನ್ಯೂಯಾರ್ಕಿಗೆ ಹೊರಟಿದ್ದ ರೈಲಿನ ಬೋಗಿಯಲ್ಲೇ ಓರಿಸ್ ಕೂಡ.

ಪ್ರಶ್ನೆ: ಒಟ್ಟಿನಲ್ಲಿ ಇವರಿಂದ ಆ ಊರಿಗೆ ಒಳಿತಾಯಿತೋ, ಕೆಡುಕೋ? ಈಗ ನೋಡಲು ಏನು ಉಳಿದಿದೆ?
– ಓದುಗರು, ಮಂಗಳೂರು

ಉತ್ತರ: ಒಂದೇ ಮಾತಿನಲ್ಲಿ ಹೇಳುವಂತಿಲ್ಲ. ಶೇಕರ್ ಹೈಟ್ಸ್‌ನ ತಿರುವು ರಸ್ತೆಗಳು, ಕೆರೆ, ಮರಗಳು ಇಂದಿಗೂ ಸೊಗಸಾಗಿವೆ. ಆದರೆ 1925ರಲ್ಲಿ ಕಪ್ಪು ವರ್ಣೀಯ ವೈದ್ಯರೊಬ್ಬರ ಕುಟುಂಬ ಅಲ್ಲಿ ಮನೆ ಮಾಡಿದ ಬೆನ್ನಿಗೆ, ಸೋದರರ ಕಂಪನಿಯ ಅಥವಾ ಅಕ್ಕಪಕ್ಕದ ಬಹುಪಾಲು ಮಾಲೀಕರ ಒಪ್ಪಿಗೆಯಿಲ್ಲದೆ ಮನೆಯನ್ನು ಮರುಮಾರಾಟ ಮಾಡುವಂತಿಲ್ಲ ಎಂಬ ಷರತ್ತು ಕ್ರಯಪತ್ರದೊಳಗೆ ಬಂತು. ಜನಾಂಗದ ಹೆಸರನ್ನು ಎಲ್ಲೂ ಬರೆಯದೆ ಕಪ್ಪು ಜನರನ್ನೂ ಯಹೂದಿಗಳನ್ನೂ ದೂರವಿಡುವ ಜಾಣತನ ಅದು. ಬಾಡಿಗೆಗೆ ಮನೆ ಕೇಳಿದಾಗ ಜಾತಿಯನ್ನು ಬಳಸುಮಾತಿನಲ್ಲಿ ವಿಚಾರಿಸುವುದನ್ನು ಕಂಡ ನಮಗೆ ಇದು ತಿಳಿಯದ ಭಾಷೆಯೇನಲ್ಲ.

ನೋಡುವುದಾದರೆ 52 ಅಂತಸ್ತಿನ, 708 ಅಡಿಯ ಟರ್ಮಿನಲ್ ಟವರ್ ನೋಡಿ. ಬಹುಕಾಲ ನ್ಯೂಯಾರ್ಕಿನ ಹೊರಗೆ ಅಮೆರಿಕದಲ್ಲಿ ಅದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ. ಅದರ ಅಡಿಯ ನಿಲ್ದಾಣ 1930ರ ಜೂನ್‌ನಲ್ಲಿ ಉದ್ಘಾಟನೆಯಾದಾಗ ಸೋದರರು ಸಮಾರಂಭಕ್ಕೆ ಬರಲೇ ಇಲ್ಲ, ಸಂಕೋಚದ ಸ್ವಭಾವ. ಪೇಟೆಯಲ್ಲಿ ಹೊಗೆಯಾಗದಿರಲೆಂದು ನಗರದ ಅಂಚಿನಲ್ಲೇ ಉಗಿಬಂಡಿಯನ್ನು ಕಳಚಿ ವಿದ್ಯುತ್ ಎಂಜಿನ್ ಜೋಡಿಸಿ ರೈಲುಗಳನ್ನು ಒಳಗೆ ತರುತ್ತಿದ್ದರು. ಮೊದಲು ಆ ನಿಲ್ದಾಣವನ್ನು ಕೆರೆಯಂಚಿಗೆ, ಅಂದರೆ ಈರಿ ಸರೋವರದ ದಡಕ್ಕೆ ಎಂದು ನಗರ ಯೋಜಿಸಿತ್ತು. 1919ರ ಜನಮತದಲ್ಲಿ ಸೋದರರು ಗೆದ್ದು ಅದನ್ನು ಪಬ್ಲಿಕ್ ಸ್ಕ್ವೇರಿಗೆ ಎಳೆದು ತಂದಿದ್ದರು. ಈಗ ಅಲ್ಲಿ ನಿಮ್ಮನ್ನು ಶೇಕರ್ ಹೈಟ್ಸ್‌ಗೆ ಒಯ್ಯುವ ಹಸಿರು ಮತ್ತು ನೀಲಿ ಮಾರ್ಗದಂಥ ನಗರದ ರೈಲುಗಳು ಮಾತ್ರ ಬರುತ್ತವೆ. ದೂರದೂರಿನ ರೈಲು ಹಿಡಿಯಬೇಕಾದವರು ಸರೋವರದ ದಡದ ಪುಟ್ಟ ನಿಲ್ದಾಣಕ್ಕೇ ಹೋಗಬೇಕು, ಅದೂ ಹೆಚ್ಚಾಗಿ ಮಧ್ಯರಾತ್ರಿ ಕಳೆದ ಮೇಲೆ.